ನೀಲಿ ಮೀನಿನ ವಿಷಯ ಮುಚ್ಚಿಡಬೇಡಿ

ರೀ,

ಮೀನು ನಿನ್ನೆಯಿಂದ ತಳದಲ್ಲೇ ಮಲಗಿದೆ. ಬಾಲ ಇನ್ನಷ್ಟು ಕೊಳೆತಿದೆ. ಮಧ್ಯಾಹ್ನ ಅರ್ಧ ನೀರು ಬದಲಾಯಿಸಿ. ಬಕೆಟ್‌ನಲ್ಲಿ ಹಿಡಿದಿಟ್ಟಿದ್ದೀನಿ, ನಲ್ಲಿ ನೀರು ಹಾಗೇ ಹಾಕಬೇಡಿ. ಔಷಧಿ ಎರಡೇ ಹನಿ, ಅಂದಾಜಿನಲ್ಲಿ ಸುರೀಬೇಡಿ. ಕಿಟಕಿ ಹತ್ತಿರ ತುಂಬಾ ಥಂಡಿ ಅಂತ ಮೀನಿರೋ ಬಾಟಲಿನ ಅಡುಗೆಮನೆಗೆ ತಂದಿದ್ದೀನಿ, ಅಲ್ಲೇ ಇರಲಿ.

ನಾನು ಆಸ್ಪತ್ರೆಯಿಂದ ಬರಿಗೈಲಿ ಬಂದ ವಾರ ನೀವು ಇದನ್ನ ತಂದ್ರಿ. ಯಾಕೆ ಅಂತ ನಂಗೆ ಅವತ್ತೇ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳ್ಲಿಲ್ಲ, ಅಷ್ಟೆ.

ಸತ್ತುಹೋದ್ರೆ, ನಾನು ಬರೋಷ್ಟರಲ್ಲಿ ಅದೇ ಬಣ್ಣದ ಇನ್ನೊಂದನ್ನ ತಂದು ನೀರಿಗೆ ಬಿಡಬೇಡಿ. ಹರ್ನ್‌ಡನ್ ಊರಲ್ಲಿರೋ ನನ್ನ ಆಫೀಸಿಗೆ ಫೋನ್ ಮಾಡಿ, ಮೀಟಿಂಗಲ್ಲಿದ್ರೂ ಎದ್ದು ಬರ್ತೀನಿ. ಮಗು ಹೋದ ವಿಷಯ ನೀವು ನರ್ಸ್ ಕೈಲಿ ಹೇಳಿಸಿದ್ರಿ. ಇದನ್ನಾದ್ರೂ ನೀವೇ ಹೇಳಿ.

ಯಾಮಿನಿ