ಹಾಲಮ್ಮನ ಮಾತು ಬರೆದಿಟ್ಟವರಿಗೆ

ಚಳ್ಳಕೆರೆ
ಇಸವಿ ಎರಡು ಸಾವಿರದ ಇನ್ನೂರ ಅರವತ್ತಮೂರು, ಎರಡನೇ ಬೇಸಿಗೆಯ ನಲವತ್ತನೇ ದಿನ

ಹೆಸರು ತಿಳಿಯದ ಹಿರಿಯರಿಗೆ ದೇವೀರಮ್ಮನ ನಮಸ್ಕಾರ.

ವಯಸ್ಸಿನಲ್ಲಿ ನೀವು ನನಗಿಂತ ಎಷ್ಟೋ ಚಿಕ್ಕವರಿರಬಹುದು. ಆದರೂ ನನಗಿಂತ ಮುಂಚೆ ಹುಟ್ಟಿದವರಾದ್ದರಿಂದ ಹಿರಿಯರೆಂದೇ ಕರೆಯುತ್ತೇನೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಎರಡನೇ ಬೇಸಿಗೆ ಎಂದರೆ ದೀಪಾವಳಿಯಾದ ಮೇಲೆ ಮತ್ತೆ ಬರುವ ಸೆಖೆ, ಅದು ನಿಮ್ಮ ಕಾಲದಲ್ಲಿ ಇರಲಿಲ್ಲವಂತೆ. ಪುಣ್ಯವಂತರು.

ನೀವು ಬ್ಲಾಗ್ ಎನ್ನುತ್ತಿದ್ದುದನ್ನು ನಾವು ಜಗಲಿ ಎನ್ನುತ್ತೇವೆ. ನಮ್ಮೂರಿನಲ್ಲಿ ಜಗಲಿಯಿಲ್ಲದ ಮನೆ ಕಡಿಮೆ. ಒಬ್ಬರು ನವಣೆ ಬಿತ್ತುವುದನ್ನು ಬರೆಯುತ್ತಾರೆ, ಇನ್ನೊಬ್ಬರು ಗಾಳಿಯಂತ್ರದ ರೆಕ್ಕೆ ರಿಪೇರಿಯನ್ನು, ಮತ್ತೊಬ್ಬರು ನೆರೆಮನೆಯವರ ಬೆಕ್ಕಿನ ದುರಹಂಕಾರವನ್ನು. ಆದರೆ ಜಗಲಿ ಸುಮ್ಮನೆ ಸಿಗುವುದಿಲ್ಲ. ಮೊದಲ ಬರಹವನ್ನು ಕೇಳುಕಟ್ಟೆಯಲ್ಲಿ, ಅಂದರೆ ಊರಿನವರೆಲ್ಲ ಕೂತು ಕೇಳುವ ಕಟ್ಟೆಯ ಮೇಲೆ, ಗಟ್ಟಿಯಾಗಿ ಓದಬೇಕು. ಯಾವ ವಿಷಯ ಎಲ್ಲಿಂದ ಬಂತು, ಯಾರಿಂದ ಬಂತು ಎಂದು ಕೊನೆಯಲ್ಲಿ ಹೇಳಬೇಕು. ಆ ಕೊನೆಯ ಸಾಲಿಗೆ ತುದಿಸಾಲು ಎಂದು ಹೆಸರು. ವರ್ಷಕ್ಕೊಮ್ಮೆ ಮಾತ್ರ ಓದು ನಡೆಯುತ್ತದೆ, ಅಲ್ಲಿ ಒಪ್ಪಿಗೆಯಾಗದವರು ಮುಂದಿನ ವರ್ಷದ ತನಕ ಕಾಯಬೇಕು.

ಇನ್ನೊಂದು ರೂಢಿಯೂ ಇದೆ. ಓದಿದ್ದನ್ನು ಬಿಸಿಬಿಸಿಯಾಗಿ ಬರೆಯಲು ಕೂರುವ ಹಾಗಿಲ್ಲ. ಓದಿದ್ದೆಲ್ಲ ಮುಚ್ಚಿಟ್ಟು, ಸೊಪ್ಪು ಸೋಸಿ, ಗಿಡಕ್ಕೆ ನೀರು ಹಾಕಿ, ಆಮೇಲೆ ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಅದನ್ನು ಬಾಯಲ್ಲೇ ಹೇಳಬೇಕು. ನಮ್ಮದೇ ಮಾತಿನಲ್ಲಿ ಹೇಳಲು ಬಂದರೆ ಬರೆಯಬಹುದು. ಇನ್ನೊಬ್ಬರ ವಾಕ್ಯವೇ ನಾಲಿಗೆಗೆ ಬಂದರೆ ಇನ್ನೂ ಆರಿಲ್ಲ ಎಂದು ಅರ್ಥ. ಇದಕ್ಕೆ ಆರಿಕೆ ಎನ್ನುತ್ತೇವೆ. ನಮ್ಮ ಊರಿನವರು ಕದಿಯುವುದಿಲ್ಲ ಎಂದು ನಾನು ಎದೆ ತಟ್ಟಿ ಹೇಳುವುದು ಈ ಆರಿಕೆಯ ಬಲದಿಂದಲೇ. ಕದಿಯಬೇಕೆಂದು ಯಾರೂ ಕೂರುವುದಿಲ್ಲವಲ್ಲ, ಮರೆತು ಕದಿಯುವುದೇ ಹೆಚ್ಚು.

ಈಗ ನನ್ನ ಮೊಮ್ಮಗಳ ವಿಷಯ. ಅವಳ ಹೆಸರು ನೇರಳೆ. ನಮ್ಮ ಕಾಲದಲ್ಲಿ ಮಕ್ಕಳಿಗೆ ಮರದ ಹೆಸರಿಡುವ ಹುಚ್ಚು, ಅವಳ ತರಗತಿಯಲ್ಲಿ ಒಂದು ತೋಪೇ ಇದೆ. ಜಗಲಿ ಬೇಕೆಂದು ಅವಳು ಚಿಕ್ಕಂದಿನಿಂದ ಕನಸು ಕಂಡವಳು. ಹೋದ ವರ್ಷ ನವಣೆ ದೋಸೆಯ ಬಗ್ಗೆ ಮೊದಲ ಬರಹ ಬರೆಯಲು ಹೊರಟಳು. ಅದಕ್ಕೆಂದು ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದ ಒಂದು ಸಾಲು ಹೀಗಿತ್ತು: ಹಿಟ್ಟು ಹುದುಗು ಬಂದಿದೆಯೇ ಎಂದು ಗಡಿಯಾರ ನೋಡಬೇಡಿ, ಪಾತ್ರೆಗೆ ಕಿವಿಯಿಟ್ಟು ಕೇಳಿ.

ಆ ಸಾಲು ನನ್ನ ಬಾಯಿಂದ ಅವಳಿಗೆ ಹೋದದ್ದು, ನನಗೆ ಬಂದದ್ದು ನನ್ನ ಅವ್ವನಿಂದ. ಹಾಗಾಗಿ ಅದು ನಮ್ಮ ಮನೆಯ ಆಸ್ತಿ ಎಂದೇ ನಾವು ನಂಬಿದ್ದೆವು. ಆರಿಕೆಗೆಂದು ನೇರಳೆ ಪಕ್ಕದ ಮನೆಯ ಮಂಜುನಾಯ್ಕರ ಹತ್ತಿರ ಹೋದಳು. ಸಮುದ್ರ ಮೇಲೇರಿದ ಮೇಲೆ ಕರಾವಳಿಯಿಂದ ಬಂದು ನಮ್ಮಲ್ಲಿ ನೆಲೆಸಿದವರು ಅವರು. ಇವಳು ಗಡಿಯಾರ ನೋಡಬೇಡಿ ಎನ್ನುವಷ್ಟರಲ್ಲಿ ಅವರೇ ನಗುತ್ತಾ ವಾಕ್ಯವನ್ನು ಮುಗಿಸಿಬಿಟ್ಟರಂತೆ. ಅವರ ಅಮ್ಮನೂ ಅದನ್ನೇ ಹೇಳುತ್ತಿದ್ದರಂತೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮನೆಗೆ ಬಂದವಳ ಮುಖ ಸಪ್ಪಗಾಗಿತ್ತು. "ಅದು ನಮ್ಮನೆ ಮಾತು ಕಣೆ, ಅವರೇ ಎಲ್ಲೋ ಕೇಳಿರ್ಬೇಕು" ಎಂದೆ. "ಅವರೂ ಹಂಗೇ ಅಂತಾರೆ ಅಜ್ಜಿ. ಒಂದೇ ಮಾತು ಎರಡು ಮನೇಲಿ ಹಿಂಗೇ ಹುಟ್ಟುತ್ತಾ? ಇದನ್ನ ಯಾರೋ ಬರ್ದಿದಾರೆ" ಎಂದಳು. ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಹುಡುಗಿ ಹೇಳಿದ್ದು ಸರಿಯೇ ಅನ್ನಿಸಿತು.

ಕಟ್ಟೆಯ ದಿನ ಅವಳು ಆ ಸಾಲಿಗೆ ಬಂದು ನಿಂತುಬಿಟ್ಟಳು. "ಇದು ನಂದಲ್ಲ. ಯಾರದು ಅಂತ ಇನ್ನೂ ಗೊತ್ತಿಲ್ಲ" ಎಂದಳು. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಅದೊಂದನ್ನು ತೆಗೆದು ಮುಂದೆ ಓದು ಎಂದರು. ತೆಗೆದಿದ್ದರೆ ಅಂದೇ ಜಗಲಿ ಸಿಗುತ್ತಿತ್ತು. "ತೆಗೆದ್ರೆ ಹೇಳ್ದೋರು ಪೂರ್ತಿ ಅಳಿಸಿಹೋಗ್ತಾರಲ್ಲ, ನಾನು ಹುಡುಕ್ತೀನಿ" ಎಂದು ಕೆಳಗಿಳಿದುಬಿಟ್ಟಳು. ಅವಳ ಓರಗೆಯವರೆಲ್ಲ ಜಗಲಿ ಪಡೆದು ಸಿಹಿ ಹಂಚಿದರು. ಅವಳು ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಳುವವಳ ತಲೆ ಸವರುತ್ತಾ ನಾನು ಹೆಮ್ಮೆಯಿಂದ ಉಬ್ಬಿಹೋಗಿದ್ದೆ, ಏನು ಮಾಡಲಿ.

ಆ ವರ್ಷವೆಲ್ಲ ಅವಳು ಹಳೆಜಾಲದಲ್ಲಿ ಕಳೆದಳು. ನಿಮ್ಮ ಕಾಲದ ಪುಟಗಳನ್ನೆಲ್ಲ ಕೂಡಿಟ್ಟ ಉಗ್ರಾಣ ಅದು, ಅರ್ಧಕ್ಕರ್ಧ ಹುಳು ತಿಂದ ಹಾಗಿದೆ. ಅಲ್ಲಿ ಆ ಸಾಲು ಸಿಕ್ಕಿತು. ಒಂದು ಕಡೆಯಲ್ಲ, ಹತ್ತಾರು ಬ್ಲಾಗುಗಳಲ್ಲಿ! ಒಬ್ಬರು ಗಡಿಯಾರವನ್ನು ಟೈಮ್ ಮಾಡಿದ್ದರು, ಇನ್ನೊಬ್ಬರು ಪಾತ್ರೆಯನ್ನು ಡಬ್ಬಿ ಮಾಡಿದ್ದರು, ಎಲ್ಲರೂ ತಮ್ಮದೇ ಎನ್ನುವ ಹಾಗೆ ಬರೆದಿದ್ದರು. ಅವರನ್ನು ಕಳ್ಳರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೆಳಿಗ್ಗೆ ಓದಿದ್ದನ್ನು ಸಂಜೆ ತಮಗೇ ಹೊಳೆದದ್ದು ಎಂದುಕೊಂಡಿರಬೇಕು, ಪಾಪ. ಅವರಿಗೆ ಆರಿಕೆ ಹೇಳಿಕೊಡುವವರು ಇರಲಿಲ್ಲ.

ಕೊನೆಗೆ ನಿಮ್ಮ ಪುಟ ಸಿಕ್ಕಿತು. ಎಲ್ಲಕ್ಕಿಂತ ಹಳೆಯದು ಅದೇ. ದೋಸೆಯ ಬರಹದ ಕೆಳಗೆ ನೀವು ಹೀಗೆ ಬರೆದಿದ್ದಿರಿ: ಕಿವಿಯಿಟ್ಟು ಕೇಳುವ ಮಾತು ನನ್ನದಲ್ಲ, ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಹಾಲಮ್ಮ ಹೇಳಿದ್ದು, ನಾನು ಬರೆದಿಟ್ಟೆ ಅಷ್ಟೇ.

ನೇರಳೆ ಕುಣಿದಾಡಿದಳು. ನಾನು ಮಂಜುನಾಯ್ಕರನ್ನು ಕೂಗಿ ಕರೆದೆ. ನಮ್ಮೂರಿನವರೆಲ್ಲ ಕಲಿತು, ಹೇಳಿಸಿಕೊಂಡು, ಕಟ್ಟೆ ಹತ್ತಿ ಮಾಡುವ ಕೆಲಸವನ್ನು ನೀವು ಯಾರೂ ಕೇಳದೆ, ಯಾರಿಗೂ ಹೆದರದೆ, ಒಂದು ದೋಸೆಯ ಬರಹಕ್ಕೆ ಮಾಡಿದ್ದಿರಿ. ಆ ಸಾಲನ್ನು ನಾನು ಎಷ್ಟು ಸಲ ಓದಿಸಿಕೊಂಡೆನೋ. ಆಮೇಲೆ ನಿಮ್ಮ ಹೆಸರಿಗಾಗಿ ಪುಟದ ಮೇಲೆ ಕೆಳಗೆ ಹುಡುಕಿದೆವು. ಹೆಸರಿರಬೇಕಾದ ಜಾಗದಲ್ಲಿ 'ನಿರ್ವಾಹಕರು' ಎಂದಷ್ಟೇ ಇತ್ತು. ಹಾಲಮ್ಮನನ್ನು ಮರೆಯದ ನೀವು ನಿಮ್ಮನ್ನೇ ಮರೆತಿದ್ದಿರಿ.

ಈ ವರ್ಷದ ಓದು ನಿನ್ನೆ ಮುಗಿಯಿತು. ಹಾಲಮ್ಮನ ಹೆಸರು ಹೇಳಿದಾಗ ಇಡೀ ಕಟ್ಟೆ ಎದ್ದು ನಿಂತಿತು, ಮಂಜುನಾಯ್ಕರು ಕಣ್ಣೊರೆಸಿಕೊಂಡರು. ನೇರಳೆಗೆ ಜಗಲಿ ಸಿಕ್ಕಿದೆ. ಅವಳ ತುದಿಸಾಲು ಹೀಗಿದೆ: ಹೇಳಿದವರು ಹಾಲಮ್ಮ, ಬರೆದಿಟ್ಟವರು ______. ಕೊನೆಯಲ್ಲಿರುವುದು ಒಂದು ಹೆಸರು ಹಿಡಿಸುವಷ್ಟು ಖಾಲಿ ಜಾಗ. ಅದನ್ನು ಬೇರೆ ಏನಾದರೂ ಹಾಕಿ ತುಂಬಲು ಅವಳು ಯಾರಿಗೂ ಬಿಟ್ಟಿಲ್ಲ.

ಈ ಕಾಗದ ನಿಮ್ಮನ್ನು ಹೇಗಾದರೂ ತಲುಪಿದರೆ ಒಂದೇ ಕೋರಿಕೆ. ಅವತ್ತೇ ನಿಮ್ಮ ಪುಟವನ್ನು ತೆರೆದು, ಹಾಲಮ್ಮನ ಹೆಸರಿನ ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ. ನನ್ನ ಮೊಮ್ಮಗಳು ದಿನಾ ಬೆಳಿಗ್ಗೆ ಆ ಪುಟ ತೆರೆದು ನೋಡುತ್ತಾಳೆ.