ಕೊಂಬಿನ ಬಣ್ಣದಲ್ಲಿ ಬರೆದ ಎರಡು ಪದ

ಬೆಸಗರಹಳ್ಳಿ
೧೬ ಫೆಬ್ರವರಿ ೨೦೨೫, ಭಾನುವಾರ

ದೀಪಿಕಳ ಅಪ್ಪನಿಗೆ,

ಕ್ಷೇಮ ಸಮಾಚಾರ ಆಮೇಲೆ. ಫೋನಿನಲ್ಲಿ ನಾನು ಬಾಯಿ ತೆರೆದ ಕೂಡಲೇ ನೀವು ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ಇದನ್ನು ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಓದೇ ಓದುತ್ತೀರಿ. ಇಪ್ಪತ್ತಾರು ವರ್ಷದಿಂದ ನಿಮ್ಮನ್ನು ನೋಡುತ್ತಿದ್ದೇನೆ.

ನಮ್ಮ ಬೀದಿಯ ಶಿವಣ್ಣನ ಹತ್ತಿರ ನೀವು ಹೇಳಿ ಕಳುಹಿಸಿದ್ದು ತಲುಪಿತು. ನಮ್ಮ ಆಲೆಮನೆಯ ಕಂಬದ ಮೇಲಿನ ಬರಹವನ್ನು ನಾನೇ ಅಳಿಸಬೇಕು, ಹಿರಿಯರ ಮುಂದೆ ತಪ್ಪಾಯಿತು ಅನ್ನಬೇಕು, ಮಿಸ್ಬಾ ಟೀಚರ್ ಕ್ಲಾಸು ಬಿಡಬೇಕು. ಹಾಗಾದರೆ ಮನೆಗೆ ಸೇರಿಸಿಕೊಳ್ಳುತ್ತೀರಂತೆ. ಅಳಿಸುವುದಿಲ್ಲ. ತಪ್ಪಾಯಿತು ಅನ್ನುವುದಿಲ್ಲ. ಕ್ಲಾಸಿಗೆ ಹೋಗುತ್ತೇನೆ. ಇನ್ನು ಸೇರಿಸಿಕೊಳ್ಳುವ ಮಾತು. ಆ ಮನೆಗೆ ನೀವು ಕಟ್ಟಿದ ಒಂದೊಂದು ಇಟ್ಟಿಗೆಯನ್ನೂ ಕೈಗೆ ಕೊಟ್ಟವಳು ನಾನು. ನನ್ನ ಮನೆಗೆ ನನ್ನನ್ನು ಯಾರೂ ಸೇರಿಸಬೇಕಾಗಿಲ್ಲ.

ಇಲ್ಲಿ ನನ್ನ ಅಣ್ಣನೂ ಸ್ವಲ್ಪ ತಗ್ಗಿ ಹೋಗು ಅಂತಲೇ ಹೇಳುತ್ತಾನೆ. ಅವನಿಗೆ ಹೇಳಿದ ಉತ್ತರವನ್ನೇ ನಿಮಗೂ ಬರೆಯುತ್ತಿದ್ದೇನೆ.

ನೆನಪು ಮಾಡಿಕೊಳ್ಳಿ, ನನ್ನನ್ನು ಆ ಕ್ಲಾಸಿಗೆ ಕಳುಹಿಸಿದ್ದೇ ನೀವು. ಮಂಡ್ಯದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಗಫಾರ್ ಸಾಹೇಬರ ಮಗಳು ಮಿಸ್ಬಾ ಪ್ರತಿ ಶನಿವಾರ ಕೆರಗೋಡಿಗೆ ಬಂದು ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ ಅಂತ ತಿಳಿದಾಗ, ಎಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲಾದವಳು ನೀನೂ ಹೋಗು ಅಂತ ಗೇಲಿ ಮಾಡಿದಿರಿ. ನಾನು ಹೋದೆ. ಆ ಹುಡುಗಿಯ ಪಾಠದ ಕ್ರಮವೇ ಬೇರೆ. ಕಲಿತ ಪದವನ್ನು ಚೀಟಿಯಲ್ಲಿ ಬರೆದು, ಆ ವಸ್ತುವಿಗೇ ಅಂಟಿಸಬೇಕು. ಅಂಟಿಸಿದ ಮೇಲೆಯೇ ಪದ ನಿಮ್ಮದು ಅನ್ನುತ್ತಾಳೆ. ಬಾಗಿಲಿಗೆ, ಕನ್ನಡಿಗೆ, ಅಕ್ಕಿ ಡಬ್ಬಕ್ಕೆ ಅನ್ನದ ಅಗುಳಿನಲ್ಲಿ ಅಂಟಿಸಿದೆ. ಹಸುವಿನ ಕೊರಳಿಗೂ ಒಂದು ಚೀಟಿ ಕಟ್ಟಿದಾಗ ಬೀದಿಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ನೀವು ನಕ್ಕಿರಿ. ನಾನು ಒಳಗಿದ್ದಾಗ ನೀವು ಕನ್ನಡಿಯ ಮುಂದೆ ನಿಂತು ಆ ಚೀಟಿಯನ್ನು ಮೆಲ್ಲಗೆ ಓದಿಕೊಂಡದ್ದೂ ನನಗೆ ಗೊತ್ತು.

ಸಂಕ್ರಾಂತಿ ಕಳೆದ ಮೇಲೆ ಹೊಸ ಪಾಠ ಶುರುವಾಯಿತು. ಪೊಲ್ಯೂಷನ್, ವೇಸ್ಟ್, ಎಮಿಷನ್, ಟಾಕ್ಸಿಕ್ ಸ್ಮೋಕ್, ಕ್ಲೈಮೇಟ್ ಚೇಂಜ್. ಬಾಯಿಗೆ ಬಾರದ ಪದಗಳು. ಇವನ್ನೂ ಅಂಟಿಸಿಯೇ ಬರಬೇಕು, ಪರವೂರಿನಲ್ಲಿ ಅಲ್ಲ, ನಿಮ್ಮ ನಿಮ್ಮ ಜಾಗದಲ್ಲಿ ಅಂದಳು. ಒಬ್ಬಳು ಚರಂಡಿಗೆ ಅಂಟಿಸಿದಳು, ಒಬ್ಬಳು ಬಸ್ ಸ್ಟ್ಯಾಂಡಿನ ಹಿಂದಿನ ಕಸದ ಗುಡ್ಡೆಗೆ. ಟಾಕ್ಸಿಕ್ ಸ್ಮೋಕ್ ನನ್ನ ಪಾಲಿಗೆ ಬಂತು. ವಿಷದ ಹೊಗೆ. ಎಲ್ಲಿ ಅಂಟಿಸಲಿ, ನೀವೇ ಹೇಳಿ. ಮನೆಯ ಹಿಂದೆಯೇ ನಮ್ಮ ಆಲೆಮನೆ, ಅದರ ಒಲೆಗೆ ಟೈರು ಹಾಕಿದ ದಿನ ಒಣಗಲು ಹಾಕಿದ ಬಟ್ಟೆಯ ಮೇಲೆಲ್ಲ ಕಪ್ಪು ಮಸಿ. ನಾನು ಬೇರೆ ಊರಿನ ಹೊಗೆ ಹುಡುಕಿಕೊಂಡು ಹೋಗಬೇಕಿತ್ತೇ?

ಒಲೆಯ ಪಕ್ಕದ ಕಂಬಕ್ಕೆ ಅಂಟಿಸಿದೆ. ನೀವು ಕಿತ್ತಿರಿ. ಮತ್ತೆ ಅಂಟಿಸಿದೆ, ಮತ್ತೆ ಕಿತ್ತಿರಿ. ಮೂರನೆಯ ಸಲ ಬೆಂಕಿಗೇ ಹಾಕಿದಿರಿ. ಆಗ ನನಗೂ ಹಟ ಬಂತು. ಎತ್ತಿನ ಕೊಂಬಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದ ಡಬ್ಬಿ ಅಟ್ಟದ ಮೇಲಿತ್ತು. ಮೊಳದುದ್ದದ ಅಕ್ಷರದಲ್ಲಿ ಬರೆದೆ. ಕೀಳಲು ಬರದ ಹಾಗೆ ಬರೆದೆ.

ಬರೆಯುವಾಗ ಚಿಕ್ಕಮಾದಮ್ಮ ಒಲೆಯ ಮುಂದೆಯೇ ಕುಳಿತಿದ್ದಳು. ಹನ್ನೊಂದು ವರ್ಷದಿಂದ ನಮ್ಮ ಒಲೆಗೆ ಉರಿ ಹಾಕುವವಳು, ಈಗ ಎರಡು ಮಾತಾಡಿದರೆ ನಾಲ್ಕು ಸಲ ಕೆಮ್ಮುತ್ತಾಳೆ. ಏನು ಬರೆದಿದ್ದೀಯೆ ಅಂತ ಕೇಳಿದಳು. ಈ ಹೊಗೆ ವಿಷ ಅಂತ ಬರೆದಿದ್ದೇನೆ ಅಂದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಅದ್ನ ಇಂಗ್ಲೀಸಲ್ಲಿ ಕಲ್ತು ಬರೀಬೇಕಿತ್ತಾ ಅವ್ವ? ನನ್ನೆದೆ ಕೇಳಿದ್ರೆ ಕನ್ನಡದಲ್ಲೇ ಏಳ್ತಿತ್ತು ಕಣವ್ವ."

ನನಗೆ ನಾಚಿಕೆಯಾಯಿತು. ಎರಡು ಪದ ಕಲಿತೆ ಅಂತ ಜಂಭ ಪಡುತ್ತಿದ್ದವಳು, ಹನ್ನೊಂದು ವರ್ಷ ಆ ಕೆಮ್ಮನ್ನು ಕೇಳಿಸಿಕೊಂಡೇ ಅವಳಿಗೆ ಕಾಫಿ ಕೊಟ್ಟಿದ್ದೇನೆ.

ಅಷ್ಟರಲ್ಲಿ ನೀವು ಬಂದಿರಿ. "ಅದ್ನ ಅಳ್ಸು, ಇಲ್ಲ ನಿನ್ನಣ್ಣನ ಮನೆಗೆ ಓಗು" ಅಂದಿರಿ. ಕೆಲಸದವರೆಲ್ಲ ನೋಡುತ್ತಿದ್ದರು. ನಾನು ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆದು, ಅಣ್ಣನ ಊರಿಗೆಂದು ಮದ್ದೂರಿನ ಬಸ್ಸು ಹಿಡಿದೆ. ಬಸ್ಸಿನಲ್ಲಿ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯ ದಿನ ಹಿರಿಯರು ನ್ಯಾಯಕ್ಕೆ ಕರೆದರು. ಗಂಡನ ಮಾನ ಕಂಬಕ್ಕೆ ಬರೆದ ಹೆಂಗಸು ಅಂತ ನನ್ನನ್ನು ಬೈದರು, ಬೈಯಲಿ. ಆದರೆ ಅವರಲ್ಲಿ ಒಬ್ಬರು ನಿಮ್ಮನ್ನೂ ಕೇಳಿದರು, ಈ ಟೈರು ಸುಡುವ ಬುದ್ಧಿ ಯಾರು ಕಲಿಸಿದರಪ್ಪ ಅಂತ. ನೀವು ನನ್ನ ಮುಖ ನೋಡಿ, ತಲೆ ತಗ್ಗಿಸಿ, ನಂದೇ ಬುದ್ಧಿ ಅಂದಿರಿ. ಆ ವಿಷಯ ಕೊನೆಗೆ ಬರೆಯುತ್ತೇನೆ. ಈಗ ಬರೆದರೆ ಉಳಿದದ್ದನ್ನು ಬರೆಯಲು ಧೈರ್ಯ ಸಾಲದು.

ಇನ್ನೊಂದು ಚೀಟಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಕ್ಲೈಮೇಟ್ ಚೇಂಜ್. ಇದನ್ನು ಎಲ್ಲಿ ಅಂಟಿಸುವುದು ಅಂತ ಕ್ಲಾಸಿನಲ್ಲಿ ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಆಕಾಶ ನೋಡಿದರು. ನಾನು ಮನೆಗೆ ಬಂದು ನಮ್ಮ ಕಬ್ಬಿನ ಸಿಪ್ಪೆಯ ರಾಶಿಗೆ ಹೊದಿಸಿದ ಟಾರ್ಪಾಲಿಗೆ ಪಿನ್ನು ಚುಚ್ಚಿ ಸಿಕ್ಕಿಸಿದೆ. ಮೊದಲೆಲ್ಲ ಸಿಪ್ಪೆ ಅಂಗಳದಲ್ಲಿ ಒಣಗುತ್ತಿತ್ತು, ಅದರಲ್ಲೇ ಒಲೆ ಉರಿಯುತ್ತಿತ್ತು. ಈಗ ಬರಬಾರದ ಕಾಲದಲ್ಲಿ ಮಳೆ ಬರುತ್ತದೆ, ಟಾರ್ಪಾಲು ಹೊದಿಸಿದರೂ ಸಿಪ್ಪೆ ನೆನೆಯುತ್ತದೆ. ನೆನೆದ ಸಿಪ್ಪೆ ಉರಿಯದು ಅಂತ ನಾವು ಟೈರು ಹಾಕುತ್ತೇವೆ. ಅಂಥ ಹೊಗೆಗಳೆಲ್ಲ ಮೇಲೆ ಸೇರಿ ಕಾಲವನ್ನು ಇನ್ನಷ್ಟು ಕೆಡಿಸುತ್ತವೆ ಅಂತ ಟೀಚರ್ ಹೇಳುತ್ತಾಳೆ. ನಮ್ಮದೊಂದು ಒಲೆಯಿಂದ ಲೋಕ ಕೆಡುತ್ತದೆಯೇ ಅಂತ ನೀವು ಕೇಳುತ್ತೀರಿ. ಲೋಕದ ಮಾತು ಬಿಡಿ. ಆ ಒಲೆಯ ಮುಂದೆ ಕೂರುವವಳಿಗೆ ಇರುವುದು ಒಂದೇ ಎದೆ.

ಅದಕ್ಕೆ ತೀರ್ಮಾನ ಮಾಡಿದ್ದೇನೆ. ಅಣ್ಣನ ಹಳೇ ಕೊಟ್ಟಿಗೆ ಬಿಚ್ಚಿದ ತಗಡುಗಳು ಇಲ್ಲಿ ಸುಮ್ಮನೆ ಬಿದ್ದಿವೆ. ಬರುವ ಶನಿವಾರ ಬೆಳಗ್ಗೆ ಅವನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುತ್ತೇನೆ. ಅಣ್ಣ ಗೊಣಗುತ್ತಲೇ ಒಪ್ಪಿದ್ದಾನೆ. ಸಿಪ್ಪೆಯ ರಾಶಿಗೆ ಸೂರು ಹಾಕೋಣ. ಗುಂಡಿ ತೋಡಲು ಕ್ಲಾಸು ಮುಗಿಸಿಕೊಂಡು ಅಲ್ಲಿನ ಹೆಂಗಸರು ಬರುತ್ತಾರೆ, ಕಂಬ ನಿಲ್ಲಿಸಲು ನೀವು ಬನ್ನಿ. ಅಷ್ಟರೊಳಗೆ ಹಿತ್ತಲಿನ ಟೈರುಗಳು ಅಲ್ಲಿಂದ ಹೋಗಿರಬೇಕು. ಹೋಗಿಲ್ಲವಾದರೆ ನಾನು ಮನೆಯೊಳಗೆ ಕಾಲಿಡುವುದಿಲ್ಲ, ಒಲೆಯ ಮುಂದೆ ಚಿಕ್ಕಮಾದಮ್ಮನ ಜಾಗದಲ್ಲಿ ಕೂರುತ್ತೇನೆ. ಟೈರು ಹಾಕುವುದಾದರೆ ನನ್ನ ಕೈಯಲ್ಲೇ ಹಾಕಿಸಿ, ನನ್ನ ಕೆಮ್ಮು ಕೇಳಿಕೊಂಡೇ ಬೆಲ್ಲ ಮಾಡಿ.

ಇದು ಬೆದರಿಕೆ ಅಂತ ತಿಳಿದರೆ ಬೆದರಿಕೆಯೇ. ಆ ನ್ಯಾಯದ ದಿನದಿಂದ ನಿಮ್ಮನ್ನು ನೋಡದೆ ಎಂಟು ದಿನವಾಯಿತು, ಅದೂ ನಿಜ. ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ. ಬಿಪಿ ಮಾತ್ರೆ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿದೆ, ಅದರ ಮೇಲೂ ಚೀಟಿ ಇದೆ, ಓದಲು ನಿಮಗೆ ಬರುತ್ತದೆ.

ಮನೆ ಬಿಟ್ಟು ಬಂದರೂ ನಿಮ್ಮನ್ನು ಬಿಡದ,
ಶಶಿರೇಖಾ

ಮರೆತು ಉಳಿದದ್ದಲ್ಲ, ಉಳಿಸಿಕೊಂಡದ್ದು: ಸಿಪ್ಪೆ ಮೊದಲ ಸಲ ನೆನೆದ ಆ ವರ್ಷ ಮೂರು ದಿನ ಮಳೆ ಹಿಡಿದು, ಕೊಪ್ಪರಿಗೆಯ ಕಬ್ಬಿನ ಹಾಲು ಹುಳಿಯುತ್ತದೆ ಅಂತ ನೀವು ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ, ಕೊಟ್ಟಿಗೆಯ ಹಿಂದಿದ್ದ ಮೊಪೆಡ್ಡಿನ ಹಳೇ ಟೈರು ತಂದು ಒಲೆಗೆ ಮೊದಲು ಹಾಕಿದವಳು ನಾನು. ನೀವು ಬೇಡ ಅಂದಿದ್ದಿರಿ. ಹಿರಿಯರ ಮುಂದೆ ಅದನ್ನು ನಿಮ್ಮ ತಲೆ ಮೇಲೆ ಹಾಕಿಕೊಂಡಿರಿ, ನಾನು ಬಾಯಿ ಮುಚ್ಚಿಕೊಂಡು ನಿಂತೆ. ನಾನು ತಪ್ಪಾಯಿತು ಅನ್ನಬೇಕಾದದ್ದು ಈ ಒಂದಕ್ಕೆ, ಹಿರಿಯರಿಗಲ್ಲ, ನಿಮಗೆ ಮತ್ತು ಚಿಕ್ಕಮಾದಮ್ಮನಿಗೆ. ನಿನ್ನೆ ಕ್ಲಾಸಿನಲ್ಲಿ ಎದ್ದು ನಿಂತು ಎಲ್ಲರೆದುರೂ ಹೇಳಿದೆ. ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಪೊಲ್ಯೂಟರ್, ಅಂದರೆ ಗಾಳಿ ಕೆಡಿಸಿದವಳು, ಅಂತ ಬರೆದು, ಕೆಳಗೆ ನನ್ನ ಹೆಸರು ಹಾಕಿದ್ದೇನೆ. ಕಂಬದ ಬರಹದ ಪಕ್ಕದಲ್ಲೇ ಅಂಟಿಸಿ. ಇದೊಂದನ್ನು ಮಾತ್ರ ಕೀಳಬೇಡಿ.