ನಮ್ಮೂರಿನವನು ಕೊಟ್ಟ ಬ್ಯಾಟರಿ

ದತ್ತಣ್ಣಾ,

ನಿನ್ನೆ ಸ್ವಾರಗೇಟಿನ ಹತ್ತಿರ ಬೈಕು ಸತ್ತಿತು. ಚಿಂಚವಾಡ ಮುಟ್ಟುವಷ್ಟರಲ್ಲಿ ಫ್ಯಾಕ್ಟರಿಯ ಗೇಟು ಹಾಕಿದ್ದರು. ಇನ್ನೊಂದು ಸಲ ತಡವಾದರೆ ಬರಲೇಬೇಡ ಎಂದಿದ್ದಾನೆ ಸೂಪರ್‌ವೈಸರ್. ಅದಕ್ಕೇ ಇವತ್ತು ನಸುಕಿನಲ್ಲೇ ಬಸ್ಸಿಗೆ ಹೊರಟೆ.

ಬ್ಯಾಟರಿ ಬಿಚ್ಚಿ ಬಾಗಿಲ ಹಿಂದೆ ಇಟ್ಟಿದ್ದೇನೆ. ನೀನು ತಂದು ಇನ್ನೂ ತಿಂಗಳಾಗಿಲ್ಲ, ಅದು ಹುಟ್ಟಿ ಎರಡು ವರ್ಷವಾಗಿದೆ. ಮುಚ್ಚಳದ ಮೇಲೆ ತಿಂಗಳು, ವರ್ಷ ಒತ್ತಿದ್ದಾರೆ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಕಂಡಿತು. ಯಾರನ್ನು ಓದಿಸಲೆಂದು ಬಿಟ್ಟೆನೋ, ಆ ಬಿ.ಕಾಂ. ಸಾಹೇಬನಿಗೆ ಕಾಣಲಿಲ್ಲ. "ಬ್ಯಾಟರಿ ಅಂಗಡಿ ಜಟ್ಟೆಪ್ಪ ಪುಣೇದಾಗಿದ್ರೂ ನಮ್ಮೂರಾವ ಅದಾನ, ಕನ್ನಡದಾಗ ಭಾಳ ಛಲೋ ಮಾತಾಡ್ಸಿ ಚಹಾ ಕುಡಿಸಿದ" ಅಂದೆ ನೀನು. ಕನ್ನಡ ಕೇಳಿ ಗಾಡಿ ಚಾಲೂ ಆಗುತ್ತದೇನು?

ಅವನ ಅಂಗಡಿಯ ಕಡೆ ಹಾಯಬೇಡ. ಬಿಬವೇವಾಡಿ ಮಾರ್ಕೆಟ್ಟಿನ ಮರಾಠಿ ಕಾಕಾನ ಹತ್ತಿರ ಹೋಗು. ಮೂರು ತಿಂಗಳೊಳಗೆ ತಯಾರಾದದ್ದೇ ಬೇಕು ಅನ್ನು. ಮೀಟರ್ ಹಚ್ಚಿ ತೋರಿಸಲಿ, ಹನ್ನೆರಡೂವರೆ ವೋಲ್ಟಿಗಿಂತ ಕಡಿಮೆ ಇದ್ದರೆ ಬಿಟ್ಟು ಬಾ. ವಾರಂಟಿ ಕಾರ್ಡಿಗೆ ತಾರೀಖು ಬರೆಸು, ಅಂಗಡಿಯ ಶಿಕ್ಕಾ ಹಾಕಿಸು. ಹೋದ ಸಲದ ಹಾಗೆ ಖಾಲಿ ಕಾರ್ಡಿಗೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟರೆ ಆ ದೇವರು ಬ್ಯಾಟರಿ ಬದಲಿಸಿ ಕೊಡುವುದಿಲ್ಲ.

ಬುಟ್ಟಿಯಲ್ಲಿ ಎರಡು ರೊಟ್ಟಿ ಇವೆ, ತಿಂದು ಹೋಗು. ಹಸಿದಿದ್ದರೆ ಯಾರ ಚಹಾಕ್ಕೂ ಮರುಳಾಗುವ ಗಿರಾಕಿ ನೀನು.

ಸಂಜೆ ಬಂದು ಬಟನ್ ಒತ್ತುತ್ತೇನೆ. ಚಾಲೂ ಆಗದಿದ್ದರೆ ನಾಳೆ ನಾನು ಗಾಡಿಯ ಮೇಲೆ ಕೂಡುತ್ತೇನೆ, ನೀನು ಚಿಂಚವಾಡದ ತನಕ ದೂಡು. ಗೋಡೆಗೆ ತೂಗು ಹಾಕಿದ ಆ ಡಿಗ್ರಿ ಸರ್ಟಿಫಿಕೇಟು ಕೊರಳಲ್ಲಿರಲಿ. ದಾರಿಯ ಮಂದಿಯಾದರೂ ಓದಲಿ.

ಸಂಜು